ಎರಡು ಕನ್ನಡಿಯೋ, ನಾಲ್ಕೋ: ಒಂದು ವರದಿಯನ್ನು ತಿದ್ದಿ ಬರೆದ ಅನುಭವ

ದೊಡ್ಡ ದೂರದರ್ಶಕಗಳ ಅಡಾಪ್ಟಿವ್ ಆಪ್ಟಿಕ್ಸ್ ವ್ಯವಸ್ಥೆಗೆ, ಅಂದರೆ ಗಾಳಿಯ ಕಲಕಾಟದಿಂದ ಮಸುಕಾಗುವ ಚಿತ್ರವನ್ನು ಬಾಗುವ ಕನ್ನಡಿಯಿಂದ ಕ್ಷಣಕ್ಷಣಕ್ಕೂ ತಿದ್ದುವ ಏರ್ಪಾಡಿಗೆ, ಕನ್ನಡಿಗಳ ಜೋಡಣೆಯನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಒಮ್ಮೆ 30 ಮೀಟರ್ ದರ್ಜೆಯ ದೂರದರ್ಶಕಕ್ಕೆಂದು ಮಾಡಿದ ಎರಡು ವಿನ್ಯಾಸಗಳನ್ನು ಹೋಲಿಸಿ ವರದಿ ಕೊಡುವ ಹೊಣೆ ನನ್ನ ಪಾಲಿಗೆ ಬಂತು. ಒಂದರಲ್ಲಿ ಎರಡು ಆಫ್-ಆಕ್ಸಿಸ್ ಪ್ಯಾರಾಬೋಲಾಗಳಿದ್ದವು (ಪ್ಯಾರಾಬೋಲಾ ಆಕಾರದ ಕನ್ನಡಿಯ ನಡುವಿನದಲ್ಲದ, ಬದಿಯ ತುಣುಕುಗಳು): ಮೊದಲನೆಯದು ಬೆಳಕನ್ನು ಸಮಾಂತರಗೊಳಿಸಿ ಆಕಾರ ಬದಲಿಸುವ ಕನ್ನಡಿಗೆ ಕಳಿಸುತ್ತಿತ್ತು, ಎರಡನೆಯದು ಅದನ್ನು ಮತ್ತೆ ನಾಭಿಗೆ ತರುತ್ತಿತ್ತು. ಇನ್ನೊಂದರಲ್ಲಿ ಅಂಥವು ನಾಲ್ಕು.

ನಾನು ತರಂಗಮುಖದ ದೋಷವನ್ನು, ಅಂದರೆ ಚುಕ್ಕೆಯ ಚೂಪನ್ನು ಕೆಡಿಸುವ ಬೆಳಕಿನ ಅಲೆಯ ಏರುಪೇರನ್ನು, ನ್ಯಾನೋಮೀಟರುಗಳಲ್ಲಿ ಲೆಕ್ಕ ಹಾಕಿ ಕೋಷ್ಟಕ ಮಾಡಿದೆ. ಎರಡೂ ಮಿತಿಯೊಳಗೇ ಇದ್ದುದರಿಂದ, ಕನ್ನಡಿ ಕಡಿಮೆಯಿದ್ದಷ್ಟೂ ಬೆಳಕಿನ ನಷ್ಟವೂ ಅವಗೆಂಪಿನಲ್ಲಿ (ಇನ್‌ಫ್ರಾರೆಡ್) ಶಾಖದ ಹಿನ್ನೆಲೆಯೂ ಕಡಿಮೆ ಎಂದು ವಾದಿಸಿ ಮೊದಲನೆಯದನ್ನು ಶಿಫಾರಸು ಮಾಡಿದೆ. ವಾದವೇನೂ ಹುರುಳಿಲ್ಲದ್ದಲ್ಲ, ಚಿಲಿಯಲ್ಲಿರುವ ವಿಎಲ್‌ಟಿಯ (ವೆರಿ ಲಾರ್ಜ್ ಟೆಲಿಸ್ಕೋಪ್) ನಾಲ್ಕನೇ ದೂರದರ್ಶಕದಲ್ಲಿ ಬೇರೆ ಕನ್ನಡಿ ಸೇರಿಸದೆ ದ್ವಿತೀಯಕ ಕನ್ನಡಿಯನ್ನೇ 1170 ಆಕ್ಚುಯೇಟರುಗಳಿಂದ (ಹಿಂದಿನಿಂದ ತಳ್ಳಿ ಎಳೆಯುವ ಸಾಧನಗಳಿಂದ) ಬಾಗುವಂತೆ ಮಾಡಿರುವುದರ ಒಂದು ಲಾಭವೂ ಇದೇ.

ಪರಿಶೀಲನಾ ಸಭೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಆಕಾಶ ತಿರುಗಿದಾಗ ಅಂಚಿನ ನಕ್ಷತ್ರ ಎಲ್ಲಿರುತ್ತದೆ?" ನನ್ನಲ್ಲಿ ಉತ್ತರವಿರಲಿಲ್ಲ. ಅಂದೇ ಸಂಜೆ ಚೌಕ ಜಾಲದಲ್ಲಿ ನಕ್ಷತ್ರಗಳನ್ನಿಟ್ಟು ಕಿರಣಗಳನ್ನು ಹಾಯಿಸಿ ನೋಡಿದರೆ, ಜಾಲದ ಒಂದು ಬದಿ ಕುಗ್ಗಿ, ಎದುರು ಬದಿ ಹಿಗ್ಗಿ, ನೇರ ಸಾಲುಗಳು ಬಿಲ್ಲಿನಂತೆ ಬಾಗಿದ್ದವು. ಪ್ರತಿಯೊಂದು ಚುಕ್ಕೆಯೂ ಸೂಜಿಮೊನೆಯಷ್ಟು ಚೂಪಾಗಿಯೇ ಇದ್ದುದರಿಂದ ನನ್ನ ಕೋಷ್ಟಕಕ್ಕೆ ಇದರ ಸುಳಿವೇ ಹತ್ತಿರಲಿಲ್ಲ. ಚುಕ್ಕೆಗಳನ್ನು ಜಾಗ ತಪ್ಪಿಸುವ ಈ ವಿಕೃತಿ ಕೇಂದ್ರದ ಸುತ್ತ ಸಮವಾಗಿದ್ದಿದ್ದರೆ ತೊಂದರೆಯಿರಲಿಲ್ಲ. ನಕ್ಷತ್ರ ಸ್ವಲ್ಪ ಸರಿದ ಜಾಗದಲ್ಲೇ ಉಳಿಯುತ್ತಿತ್ತು. ಆದರೆ ಅದು ಒಂದು ಬದಿಗೆ ವಾಲಿದ್ದರಿಂದ, ಆಕಾಶದ ಜೊತೆ ಉಪಕರಣವೂ ತಿರುಗುತ್ತ ಹೋದ ಹಾಗೆ ನಕ್ಷತ್ರ ಪತ್ತೆಕದ (ಬೆಳಕನ್ನು ದಾಖಲಿಸುವ ಸಂವೇದಕದ) ಮೇಲೆ ಗೆರೆ ಎಳೆಯುತ್ತದೆ. ಕೇಂದ್ರದಿಂದ 15 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) ದೂರದಲ್ಲಿ ಶೇಕಡ 0.1ರಷ್ಟು ವಿಕೃತಿಯೆಂದರೆ 15 ಮಿಲಿ ಆರ್ಕ್‌ಸೆಕೆಂಡ್, 1.65 ಮೈಕ್ರಾನ್ ಅಲೆಯುದ್ದದಲ್ಲಿ ಅಂಥ ದೂರದರ್ಶಕದ ವಿವರ್ತನ ಮಿತಿಯೇ, ಅಂದರೆ ಅದು ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಕೋನವೇ, ಸುಮಾರು 11 ಮಿಲಿ ಆರ್ಕ್‌ಸೆಕೆಂಡ್. ಪ್ಯೂಪಿಲ್‌ನಲ್ಲಿ (ಎಲ್ಲ ನಕ್ಷತ್ರಗಳ ಬೆಳಕೂ ಒಂದೇ ಜಾಗದಲ್ಲಿ ಹಾಯುವಲ್ಲಿ) ಕೂತ ಬಾಗುವ ಕನ್ನಡಿ ಎಲ್ಲ ನಕ್ಷತ್ರಗಳಿಗೂ ಒಂದೇ ತಿದ್ದುಪಡಿ ಕೊಡುವುದರಿಂದ ಇದನ್ನು ಅದು ಸರಿಪಡಿಸಲಾರದು.

ನಾಲ್ಕು ಕನ್ನಡಿಗಳ ವಿನ್ಯಾಸದಲ್ಲಿ ಮೊದಲ ಜೋಡಿಯ ವಿಕೃತಿಯನ್ನು ಎರಡನೆಯ ಜೋಡಿ ಕಳೆಯುತ್ತದೆ. ಟಿಎಂಟಿಗಾಗಿ (ಥರ್ಟಿ ಮೀಟರ್ ಟೆಲಿಸ್ಕೋಪ್) ರೂಪಿಸಿದ NFIRAOS ಎಂಬ ಅಡಾಪ್ಟಿವ್ ಆಪ್ಟಿಕ್ಸ್ ವ್ಯವಸ್ಥೆ ಹಿಡಿದ ದಾರಿಯೂ ಅದೇ. ಹೆಚ್ಚಿದ ಮೇಲ್ಮೈಗಳ ಶಾಖಕ್ಕೆ ಅಲ್ಲಿನ ಉತ್ತರ, ಇಡೀ ಪೆಟ್ಟಿಗೆಯನ್ನೇ −30 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸುವುದು. ಮೇಲ್ಮೈಗಳನ್ನು ಎಣಿಸಿದ ನನಗೆ ಅವುಗಳ ಉಷ್ಣತೆಯನ್ನೂ ವಿನ್ಯಾಸಕನೇ ಆರಿಸಬಹುದೆಂಬುದು ಹೊಳೆದಿರಲಿಲ್ಲ. ತಿದ್ದಿದ ವರದಿಯಲ್ಲಿ ನಾಲ್ಕು ಕನ್ನಡಿಗಳನ್ನೂ ತಂಪು ಪೆಟ್ಟಿಗೆಯನ್ನೂ ಸೇರಿಸಿಯೇ ಶಿಫಾರಸು ಮಾಡಿದೆ. ಆ ಬಾಗಿದ ಜಾಲದ ಚಿತ್ರವನ್ನು ಮೊದಲ ಪುಟದಲ್ಲೇ ಹಾಕಿದೆ.