ಸಿ ಕೈಗೆ ಕೊಟ್ಟ ಹ್ಯಾಸ್ಕೆಲ್ ಫಂಕ್ಷನ್

14 ನವೆಂಬರ್ 2024, ಗುರುವಾರ
ಗಂಗಾವತಿ

ಭತ್ತದ ಸುಗ್ಗಿ. ರೈಸ್ ಮಿಲ್ಲಿನ ವೇಬ್ರಿಡ್ಜ್ ಮುಂದೆ ಟ್ರ್ಯಾಕ್ಟರುಗಳ ಸಾಲು. ಅಲ್ಲಿ ತೂಕ ಬರೆದಿಡುವ ನನ್ನ ಪ್ರೋಗ್ರಾಂ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ತೂಕದ ಯಂತ್ರದ ಲೈಬ್ರರಿ (ಸಿದ್ಧ ಕೋಡ್) ಸಿ ಭಾಷೆಯದು. ತೂಕ ನಿಂತ ಕೂಡಲೇ ಅದು ನನ್ನ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಕರೆಯಬೇಕು. ಹೀಗೆ ವಾಪಸ್ ಕರೆಯುವುದೇ ಕಾಲ್‌ಬ್ಯಾಕ್. ಇವತ್ತು ಪೂರ್ತಿ ಅದೇ ಕೆಲಸ.

ಹ್ಯಾಸ್ಕೆಲ್‌ನ ಗಾರ್ಬೇಜ್ ಕಲೆಕ್ಟರ್ ಮೆಮೊರಿಯಲ್ಲಿ ಬೇಡದ್ದನ್ನು ತೆಗೆಯುತ್ತದೆ, ಬೇಕಾದ್ದರ ಜಾಗವನ್ನೂ ಬದಲಿಸುತ್ತದೆ. ಸಿ ಯಾವ ವಿಳಾಸ ಹಿಡಿದುಕೊಂಡಿದೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ 'ರ‍್ಯಾಪರ್' ಇಂಪೋರ್ಟ್ ಇದೆ. ಅದು ನಮ್ಮ ಫಂಕ್ಷನ್‌ಗೆ ಜಾಗ ಬದಲಿಸದ ಒಂದು ಫಂಕ್ಷನ್ ಪಾಯಿಂಟರ್ (ಸಿ ಕರೆಯಬಲ್ಲ ವಿಳಾಸ) ಮಾಡಿಕೊಡುತ್ತದೆ. ಜೊತೆಗೆ ಹ್ಯಾಸ್ಕೆಲ್ ಡೇಟಾ ಕಳಿಸಬೇಕಾದರೆ ಸ್ಟೇಬಲ್ ಪಾಯಿಂಟರ್, ಅಂದರೆ ಕಲೆಕ್ಟರ್ ಓಡಿದರೂ ಕೆಡದ ಗುರುತು. ಇವೆರಡೂ ತಾವಾಗಿ ಹೋಗುವುದಿಲ್ಲ, ನಾವೇ ಫ್ರೀ ಮಾಡಬೇಕು, ಅಂದರೆ ಮೆಮೊರಿಯಿಂದ ಬಿಡಿಸಬೇಕು.

ಯಾವಾಗ ಅನ್ನೋದೇ ಕಷ್ಟದ ಪ್ರಶ್ನೆ. ಸಿಯಲ್ಲಿ ಪಟ್ಟಿ ಜೋಡಿಸುವ ಕ್ಯೂಸಾರ್ಟ್‌ನಂಥ ಕರೆ ಸುಲಭ. ಅದು ಮುಗಿದ ಮೇಲೆ ಸಿ ಹತ್ತಿರ ನಮ್ಮದೇನೂ ಉಳಿಯುವುದಿಲ್ಲ. ಈ ಲೈಬ್ರರಿ ಹಾಗಲ್ಲ. ಪಾಯಿಂಟರ್ ಇಟ್ಟುಕೊಂಡು, ತನ್ನದೇ ಥ್ರೆಡ್‌ನಿಂದ (ಜೊತೆಜೊತೆಗೇ ಓಡುವ ಬೇರೆ ಕೆಲಸದ ಎಳೆ) ಬೇಕಾದಾಗ ಕರೆಯುತ್ತದೆ. ಹಾಗಾಗಿ ಹ್ಯಾಸ್ಕೆಲ್ ಪ್ರೋಗ್ರಾಂ ಓಡಿಸುವ ರನ್‌ಟೈಮ್, ಹಲವು ಥ್ರೆಡ್ ನಿಭಾಯಿಸುವ 'ಥ್ರೆಡೆಡ್' ಬಗೆಯದೇ ಬೇಕು.

"ಅಣ್ಣ, ಫ್ರೀ ಮಾಡೋದನ್ನ ಕಲೆಕ್ಟರ್ ತಾನೇ ಓಡಿಸೋ ಫೈನಲೈಸರ್‌ಗೆ ಬಿಟ್ಟರೆ ಆಗಲ್ವಾ?" ಅಂದ ಜೊತೆಗೆ ಕೆಲಸ ಮಾಡುವ ಹುಡುಗ.

"ಬೇಡಪ್ಪ. ಅದು ಯಾವಾಗ ಓಡುತ್ತೆ ಅಂತ ಹೇಳೋಕಾಗಲ್ಲ. ಸಿ ಇನ್ನೂ ಹಿಡಿದುಕೊಂಡಿದ್ದಾಗಲೇ ಓಡಿಬಿಟ್ಟರೆ?"

ಅದಕ್ಕೇ, ಕೆಲಸ ಹೇಗೇ ಮುಗಿದರೂ ಕೊನೆಯ ಬಿಡಿಸುವ ಕೆಲಸ ಮಾಡಿಸುವ ಬ್ರಾಕೆಟ್ ಫಂಕ್ಷನ್ ಬಳಸಿದೆವು. ಮೊದಲು ಲೈಬ್ರರಿಯಲ್ಲಿ ನಮ್ಮ ಫಂಕ್ಷನ್ ನೋಂದಣಿ ತೆಗೆಯಬೇಕು. ಆದರೆ ಅಷ್ಟೇ ಸಾಲದು, ಆ ಹೊತ್ತಿಗೆ ಒಂದು ಕಾಲ್‌ಬ್ಯಾಕ್ ಅರ್ಧದಲ್ಲಿ ಇರಬಹುದು. ಲೈಬ್ರರಿಯ ಥ್ರೆಡ್ ನಿಂತಿದ್ದು ಖಚಿತವಾದ ಮೇಲೆ ಪಾಯಿಂಟರ್ ಫ್ರೀ ಮಾಡಬೇಕು. ಈ ಕ್ರಮ ತಪ್ಪಿದರೆ ಸಿ ಖಾಲಿ ಜಾಗಕ್ಕೆ ಜಿಗಿಯುತ್ತದೆ. ದಿನಗಟ್ಟಲೆ ಏನೂ ಆಗದೆ ಒಂದು ದಿನ ಕ್ರ್ಯಾಶ್ ಆಗುವ ತಪ್ಪು ಇದು, ಹುಡುಕೋದು ಬಹಳ ಕಷ್ಟ.

ಇನ್ನೊಂದು ಸೂಕ್ಷ್ಮ ಇದೆ. ಲೈಬ್ರರಿ ನಿಲ್ಲಿಸುವ ಕರೆಯನ್ನು 'ಅನ್‌ಸೇಫ್' ಅಂತ ಇಂಪೋರ್ಟ್ ಮಾಡಬಾರದು. ಅದು ವೇಗ ಜಾಸ್ತಿ, ನಿಜ. ಆದರೆ ಆ ಕರೆ ಮುಗಿಯುವ ತನಕ ರನ್‌ಟೈಮ್ ಅನ್ನು ಹಿಡಿದೇ ಇರುತ್ತದೆ. ಕಾಲ್‌ಬ್ಯಾಕ್ ರನ್‌ಟೈಮ್‌ಗೆ ಕಾಯುತ್ತದೆ, ಕರೆ ಕಾಲ್‌ಬ್ಯಾಕ್ ಮುಗಿಯಲಿ ಅಂತ ಕಾಯುತ್ತದೆ. ಎರಡೂ ಅಲ್ಲೇ ಸಿಕ್ಕಿಕೊಳ್ಳಬಹುದು. 'ಸೇಫ್' ಅಂತಲೇ ಬರೆದೆವು.

ಕಾಲ್‌ಬ್ಯಾಕ್ ಒಳಗಿನ ಎಕ್ಸೆಪ್ಶನ್‌ಗಳನ್ನೆಲ್ಲ (ಓಡುವಾಗ ಬರುವ ದೋಷಗಳನ್ನೆಲ್ಲ) ಅಲ್ಲೇ ಹಿಡಿದು, ಸಿಗೆ ಬರೀ ಒಂದು ಸಂಖ್ಯೆ ವಾಪಸ್ ಕೊಡುತ್ತೇವೆ. ಹಾಗೇ ಬಿಟ್ಟರೆ ಇಡೀ ಪ್ರೋಗ್ರಾಂ ನಿಲ್ಲುತ್ತದೆ. ರೈತರು ಲೋಡ್ ತಂದು ನಿಂತಿರುವಾಗ ಹಾಗಾಗಲೇಬಾರದು.

ನಾಳೆ ಮಿಲ್‌ನಲ್ಲಿ ಹಾಕುವ ಮುಂಚೆ ಕಾಲ್‌ಬ್ಯಾಕ್ ಒಳಗೇ ಬೇಕಂತಲೇ ಗಾರ್ಬೇಜ್ ಕಲೆಕ್ಷನ್ ಮಾಡಿಸಿ, ಲೈಬ್ರರಿಯನ್ನು ಮತ್ತೆ ಮತ್ತೆ ತೆರೆದು ಮುಚ್ಚಿ ನೋಡುತ್ತೇವೆ.