ಟೀಕೆಯ ಓಲೆಕಟ್ಟು ಬಿಚ್ಚಿದಾಗ ಪ್ರತೀಕ ಹಿಡಿಯಿರಿ

ಗ್ರಂಥಾಲಯದ ಹಸ್ತಪ್ರತಿ ಸೂಚಿಯಲ್ಲಿ ‘ಪರಿಮಳ, ಓಲೆ, ಅಸಮಗ್ರ’ ಎಂದಷ್ಟೇ ಇದೆ ಎಂದುಕೊಳ್ಳಿ. ಯಾವ ಪರಿಮಳ? ಅಪ್ಪಯ್ಯ ದೀಕ್ಷಿತರದೂ ಪರಿಮಳವೇ, ರಾಘವೇಂದ್ರ ಸ್ವಾಮಿಗಳದೂ ಪರಿಮಳವೇ. ಎರಡೂ ಟೀಕೆಗಳು, ಅಂದರೆ ವ್ಯಾಖ್ಯಾನಗಳು. ಬ್ರಹ್ಮಸೂತ್ರದ ಶಾಂಕರಭಾಷ್ಯಕ್ಕೆ ಟೀಕೆ ವಾಚಸ್ಪತಿಯ ಭಾಮತಿ, ಭಾಮತಿಗೆ ಅಮಲಾನಂದನ ಕಲ್ಪತರು, ಕಲ್ಪತರುವಿಗೆ ದೀಕ್ಷಿತರ ಪರಿಮಳ. ಇನ್ನೊಂದು ಕಡೆ ಮಧ್ವರ ಅನುವ್ಯಾಖ್ಯಾನಕ್ಕೆ ಜಯತೀರ್ಥರ ನ್ಯಾಯಸುಧೆ, ಅದಕ್ಕೆ ರಾಯರ ಪರಿಮಳ. ಎರಡೂ ಸುತ್ತುವುದು ಅದೇ ಬ್ರಹ್ಮಸೂತ್ರದ ಸುತ್ತ. ಅಧ್ಯಾಯ, ಪಾದಗಳ ಲೆಕ್ಕವೂ ಒಂದೇ. ಮೊದಲ ಗರಿ, ಕೊನೆಯ ಗರಿ ಎರಡೂ ಹೋಗಿರುವ ಕಟ್ಟಿನಲ್ಲಿ ಇದನ್ನು ಇತ್ಯರ್ಥ ಮಾಡಿಕೊಡುವುದು ಪ್ರತೀಕ.

ಟೀಕಾಕಾರ ಮೂಲವನ್ನು ಪೂರ್ತಿ ಎತ್ತಿ ಬರೆಯುವುದು ಕಡಿಮೆ. ವಾಕ್ಯದ ಮೊದಲ ಒಂದೆರಡು ಪದ ಹೇಳಿ, ಸಂಸ್ಕೃತದಲ್ಲಾದರೆ ‘ಇತಿ’, ‘ಇತ್ಯಾದಿ’ ಎಂದು, ಕನ್ನಡದಲ್ಲಾದರೆ ‘ಎಂಬ’, ‘ಎಂಬುದು’ ಎಂದು ಸೇರಿಸಿ ವಿವರಣೆಗೆ ಇಳಿದುಬಿಡುತ್ತಾನೆ. ಆ ಎತ್ತಿಕೊಂಡ ತುಣುಕೇ ಪ್ರತೀಕ. ಐದಾರು ಗರಿಗಳಿಂದ ಇಪ್ಪತ್ತು ಪ್ರತೀಕಗಳನ್ನು ಬಂದ ಕ್ರಮದಲ್ಲೇ ಪಟ್ಟಿ ಮಾಡಿ, ಅಚ್ಚಾದ ಮೂಲದ ಪಕ್ಕದಲ್ಲಿಟ್ಟು ನೋಡಿ. ಕಲ್ಪತರುವಿನಲ್ಲಿ ಅದೇ ಸಾಲಿನಲ್ಲಿ ಸಿಕ್ಕರೆ ದೀಕ್ಷಿತರದು, ಸುಧೆಯಲ್ಲಿ ಸಿಕ್ಕರೆ ರಾಯರದು. ಕ್ರಮ ಮುಖ್ಯ. ಅಲ್ಲೊಂದು ಇಲ್ಲೊಂದು ಸಿಕ್ಕಿದ್ದನ್ನು ನಂಬಬೇಡಿ, ಏಕೆಂದರೆ ಟೀಕಾಕಾರರು ಬೇರೆ ಗ್ರಂಥಗಳಿಂದಲೂ ಧಾರಾಳವಾಗಿ ಉದ್ಧರಿಸುತ್ತಾರೆ. ಶ್ರುತಿವಾಕ್ಯಗಳಂತೂ ಎರಡೂ ಕಡೆ ಒಂದೇ ಇರುತ್ತವೆ, ಅವುಗಳಿಂದ ಏನೂ ತೀರ್ಮಾನವಾಗದು.

ಪ್ರತೀಕಕ್ಕೆ ಕೈ ಹಾಕುವ ಮುನ್ನ ಕಟ್ಟಿನ ಲೆಕ್ಕ ತೆಗೆದುಕೊಳ್ಳಬೇಕು. ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರುತ್ತದೆ ಎಂಬ ನಿಯಮವಿಲ್ಲ. ಸ್ತೋತ್ರ, ವ್ರತಕಥೆಗಳ ನಡುವೆ ಮೂವತ್ತು ಗರಿಯ ಟೀಕೆಯೊಂದು ಅಡಗಿ ಕುಳಿತಿರುವುದು ಮಾಮೂಲು. ದಕ್ಷಿಣದ ಓಲೆಗಳಲ್ಲಿ ಗರಿಯ ಸಂಖ್ಯೆ ಹೆಚ್ಚಾಗಿ ಮುಂಬದಿಯ ಎಡ ಅಂಚಿನಲ್ಲಿರುತ್ತದೆ, ಉತ್ತರದ ಪ್ರತಿಗಳಲ್ಲಿ ಹಿಂಬದಿಯಲ್ಲಿ. ಅಂಚು ಮುರಿದಿದ್ದರೆ ಸಂಖ್ಯೆಯೂ ಹೋಗಿರುತ್ತದೆ. ಉಳಿದಲ್ಲೂ ೬, ೯ ಒಂದರಂತೆ ಇನ್ನೊಂದು ಕಾಣುತ್ತವೆ. ದಾರ ಕಡಿದು ಮತ್ತೆ ಪೋಣಿಸಿದಾಗ ಗರಿ ಹಿಂದುಮುಂದಾಗಿರುವುದೂ ಉಂಟು. ಒಂದು ಗರಿಯ ಕೊನೆಯ ಪದ ಮುಂದಿನ ಗರಿಯ ಮೊದಲ ಅಕ್ಷರಕ್ಕೆ ಕೂಡುತ್ತದೆಯೇ ಎಂದು ಪ್ರತಿ ಗರಿಗೂ ನೋಡುವುದು ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ.

ಆಮೇಲೆ ಗ್ರಂಥಸಂಖ್ಯೆ, ಅಂದರೆ ಕೃತಿಯ ಗಾತ್ರದ ಅಳತೆ. 32 ಅಕ್ಷರಕ್ಕೆ ಒಂದು ಗ್ರಂಥ, ಗದ್ಯವಾದರೂ ಅದೇ ಅಳತೆ. 84 ಗರಿ, ಎರಡು ಬದಿ, ಬದಿಗೆ 7 ಸಾಲು, ಸಾಲಿಗೆ ಸರಾಸರಿ 48 ಅಕ್ಷರ ಎಂದಾದರೆ 56,448 ಅಕ್ಷರ. 32ರಿಂದ ಭಾಗಿಸಿದರೆ 1,764 ಗ್ರಂಥ. ಕೃತಿ ಸುಮಾರು 5,000 ಗ್ರಂಥದ್ದು ಎಂದು ಗೊತ್ತಿದ್ದರೆ ಕೈಯಲ್ಲಿರುವುದು ಮೂರನೇ ಒಂದು ಭಾಗ. ಸಾಲಿನ ಅಕ್ಷರ ಎಣಿಸಲು ಮೊದಲ ಗರಿ ಬೇಡ, ಪ್ರತಿಕಾರ (ನಕಲು ಮಾಡುವವನು) ಅಲ್ಲಿ ಕೈ ಬಿಗಿ ಹಿಡಿದು ದುಂಡಗೆ ಬರೆದಿರುತ್ತಾನೆ. ನಡುವಿನ ನಾಲ್ಕೈದು ಗರಿಗಳ ಸರಾಸರಿ ತೆಗೆಯಿರಿ, ದಾರದ ರಂಧ್ರದ ಸುತ್ತ ಬಿಟ್ಟ ಜಾಗವನ್ನು ಕಳೆಯಿರಿ. ಈ ಅಳತೆ ಹಳೆಯದು. ಮೂಡಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದ ಜಯಧವಲಾ ಎಂಬ ಜೈನ ವ್ಯಾಖ್ಯಾನವನ್ನು 60,000 ಗ್ರಂಥ ಎನ್ನುವುದು ಇದೇ ಲೆಕ್ಕದಲ್ಲಿ: ವೀರಸೇನಾಚಾರ್ಯರು ಬರೆದದ್ದು 20,000, ಶಿಷ್ಯ ಜಿನಸೇನರು ಮುಂದುವರಿಸಿ ಮುಗಿಸಿದ್ದು 40,000.

ಓದುವ ವಿಧಾನಕ್ಕೆ ಬಂದರೆ, ಕಂಟದಿಂದ (ಓಲೆ ಬರೆಯುವ ಉಕ್ಕಿನ ಮೊನೆಯಿಂದ) ಕೊರೆದ ಅಕ್ಷರಕ್ಕೆ ಮಸಿ ತುಂಬಿರದಿದ್ದರೆ ನೇರ ಬೆಳಕಿನಲ್ಲಿ ಏನೂ ಕಾಣದು. ಟಾರ್ಚನ್ನು ಗರಿಯ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡಿ, ಕೊರೆದ ಗೆರೆಯಲ್ಲಿ ನೆರಳು ಬಿದ್ದು ಅಕ್ಷರ ಏಳುತ್ತದೆ. ಫೋಟೊಗೂ ಇದೇ ಉಪಾಯ. ಮಸಿ ತುಂಬುವುದು, ಎಣ್ಣೆ ಸವರುವುದು ಸಂರಕ್ಷಣೆಯವರ ಕೆಲಸ, ಓದುಗರು ಮುಟ್ಟಬಾರದು. ಶ್ರೀತಾಳೆಯ ಗರಿ ತೆಳು, ಅಗಲ, ಸ್ವಲ್ಪ ಬಾಗುತ್ತದೆ. ಸಾಮಾನ್ಯ ತಾಳೆಗರಿ ದಪ್ಪ, ಬಿರುಸು, ಹಳೆಯದಾದರೆ ರಂಧ್ರದ ಬಳಿಯೇ ಸೀಳುತ್ತದೆ. ಎರಡು ತುದಿಗೂ ಕೈ ಕೊಟ್ಟು ಎತ್ತಿ ಮಗುಚಿಡಿ, ಪುಸ್ತಕದ ಹಾಳೆಯಂತೆ ಒಂದು ಮೂಲೆ ಹಿಡಿದು ತಿರುಗಿಸಬೇಡಿ. ಮುಗಿದ ಮೇಲೆ ಕಟ್ಟನ್ನು ಸಡಿಲ ಬಿಡಬಾರದು: ಗರಿ ಗರಿಗೆ ಉಜ್ಜಿ ಅಕ್ಷರ ಸವೆಯುತ್ತದೆ, ಗರಿ ಸೊಟ್ಟಗಾಗುತ್ತದೆ. ಪ್ರತಿಕಾರರು ಕೊನೆಯಲ್ಲಿ ಬರೆಯುತ್ತಿದ್ದ ‘ತೈಲಾದ್ರಕ್ಷೇತ್ ಜಲಾದ್ರಕ್ಷೇತ್ ರಕ್ಷೇತ್ ಶಿಥಿಲಬಂಧನಾತ್’ ಶ್ಲೋಕದಲ್ಲಿ ಎಣ್ಣೆ, ನೀರಿನ ಜೊತೆಗೆ ಸಡಿಲ ಕಟ್ಟೂ ಸೇರಿರುವುದು ಸುಮ್ಮನೆ ಅಲ್ಲ. ಅದೇ ಶ್ಲೋಕ ಮೂರ್ಖನ ಕೈಗೆ ಪುಸ್ತಕ ಕೊಡಬೇಡಿ ಎಂದೂ ಹೇಳುತ್ತದೆ. ಗ್ರಂಥಾಲಯದ ಸಿಬ್ಬಂದಿ ಮೊದಲ ದಿನ ನಮ್ಮನ್ನು ಅನುಮಾನದಿಂದ ನೋಡಿದರೆ ಬೇಸರ ಮಾಡಿಕೊಳ್ಳಬೇಡಿ.

ಕಾಗದದ ಪ್ರತಿಗಳಲ್ಲಿ ತ್ರಿಪಾಠ ಎಂಬ ಅನುಕೂಲವಿದೆ: ನಡುವೆ ದಪ್ಪಕ್ಷರದಲ್ಲಿ ಮೂಲ, ಮೇಲೆ ಕೆಳಗೆ ಸಣ್ಣಕ್ಷರದಲ್ಲಿ ಟೀಕೆ. ಓಲೆಯಲ್ಲಿ ಆ ಸೌಕರ್ಯವಿಲ್ಲ. ಮೂಲ, ಟೀಕೆ ಒಂದೇ ಸಾಲಿನಲ್ಲಿ ಹರಿಯುತ್ತವೆ, ನಡುವೆ ಇದ್ದರೆ ಒಂದು ಗೆರೆ. ಇಲ್ಲೇ ನಿಜವಾದ ತೊಡಕು. ಪ್ರತಿಕಾರ ಮೂಲವನ್ನು ತನಗೆ ಬಾಯಿಪಾಠವಿದ್ದಂತೆ ಬರೆದು ಅಥವಾ ಬೇರೊಂದು ಪ್ರತಿಯಿಂದ ಎತ್ತಿಕೊಂಡು, ಟೀಕೆಯನ್ನು ಮಾತ್ರ ಮುಂದಿದ್ದ ಕಟ್ಟಿನಿಂದ ನಕಲು ಮಾಡಿರಬಹುದು. ಆಗ ಮೇಲಿನ ಪದ್ಯದಲ್ಲಿ ಒಂದು ಪಾಠ (ಪದಗಳ ರೂಪ), ಕೆಳಗಿನ ಟೀಕೆ ಅರ್ಥ ಹೇಳುತ್ತಿರುವುದು ಇನ್ನೊಂದು ಪಾಠಕ್ಕೆ. ಇಂಥಲ್ಲಿ ನಾನು ಪ್ರತೀಕದ ಪಕ್ಷ. ಟೀಕಾಕಾರನ ಎದುರಿಗೆ ಯಾವ ಮೂಲವಿತ್ತು ಎಂಬುದನ್ನು ಪ್ರತೀಕ ಮತ್ತು ಅದರ ಬೆನ್ನಿಗೆ ಬರುವ ಅರ್ಥವಿವರಣೆ ಹೇಳುತ್ತವೆ, ಮೇಲಿರುವ ಪದ್ಯ ಹೇಳುವುದಿಲ್ಲ. ಪ್ರತೀಕವನ್ನೂ ಯಾರಾದರೂ ‘ತಿದ್ದಿ’ ಮೂಲಕ್ಕೆ ಹೊಂದಿಸಿರಬಹುದಲ್ಲ ಎನ್ನಬಹುದು. ಹೌದು. ಆದರೆ ಅರ್ಥವಿವರಣೆಯನ್ನು ತಿದ್ದಲು ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ, ಅಲ್ಲಿ ಹಳೆಯ ಪಾಠ ಸಿಕ್ಕಿಬೀಳುತ್ತದೆ.

ಇದಕ್ಕೆ ಕನ್ನಡದಲ್ಲಿ ಹಳಗನ್ನಡ ವ್ಯಾಕರಣವಾದ ಶಬ್ದಮಣಿದರ್ಪಣದಷ್ಟು ಒಳ್ಳೆಯ ಅಭ್ಯಾಸಪಾಠ ಇನ್ನೊಂದಿಲ್ಲ. ಕೇಶಿರಾಜನ ಸೂತ್ರಗಳು ಕಂದಪದ್ಯದಲ್ಲಿವೆ, ಅವನದೇ ವೃತ್ತಿ (ಸೂತ್ರದ ವಿವರಣೆ) ಗದ್ಯದಲ್ಲಿದೆ, ಜೊತೆಗೆ ಪ್ರಯೋಗಗಳು ಅಂದರೆ ಉದಾಹರಣೆಗಳು, ಅದರ ಮೇಲೆ ನಂತರದವರ ಟೀಕೆಗಳು. ನಾಲ್ಕು ಪದರ. ಕಂದದಲ್ಲಿ ಹುಳು ತಿಂದಿದ್ದರೆ ಮಾತ್ರೆ ಎಣಿಸಬಹುದು: ಒಂದು ಮೂರನೇ ಸಾಲಿಗೆ 12, ಎರಡು ನಾಲ್ಕನೇ ಸಾಲಿಗೆ 20. ಹೋಗಿರುವುದು ಎಷ್ಟು ಮಾತ್ರೆ ಎಂದು ಖಚಿತವಾಗಿ ಗೊತ್ತಾಗುತ್ತದೆ, ಪದ ಯಾವುದೆಂದು ಟೀಕೆ ಹೇಳುತ್ತದೆ. ಗದ್ಯದಲ್ಲಿ ಛಂದಸ್ಸಿನ ನೆರವಿಲ್ಲ, ಅಳತೆಯೇ ಗತಿ. 40 ಸೆಂಟಿಮೀಟರ್ ಸಾಲಿನಲ್ಲಿ 48 ಅಕ್ಷರ ಇದ್ದರೆ ಎರಡೂವರೆ ಸೆಂಟಿಮೀಟರ್ ತೂತಿಗೆ ಮೂರು ಅಕ್ಷರ. ನಕಲಿನಲ್ಲಿ ಮೂರು ಚುಕ್ಕಿ ಇಡಿ, ಊಹೆಯನ್ನು ಅಡಿಟಿಪ್ಪಣಿಗೆ ಹಾಕಿ.

ಕೇಶಿರಾಜ ಳಕಾರದಲ್ಲಿ ರಳ, ಕುಳ, ಕ್ಷಳ ಎಂದು ಮೂರು ಬಗೆ ಹೇಳಿ, ರಳ ಅಂದರೆ ೞ ಬರುವ ಶಬ್ದಗಳನ್ನು ಪಟ್ಟಿ ಮಾಡಿಕೊಡುತ್ತಾನೆ. ಆಮೇಲಿನ ಪ್ರತಿಕಾರನ ಬಾಯಲ್ಲಿ ೞ ಉಳಿದಿರಲಿಲ್ಲ. ಅವನು ರೂಢಿಯಂತೆ ಎಲ್ಲ ಕಡೆ ಳ ಬರೆದರೆ ಪಟ್ಟಿಯ ಉದ್ದೇಶವೇ ಹೋಯಿತು. ಟೀಕೆ ‘ಇವು ರಳ’ ಎನ್ನುತ್ತಿರುತ್ತದೆ, ಕಣ್ಣಿಗೆ ಕಾಣುವುದೆಲ್ಲ ಳ. ಇಂಥ ಕಡೆ ಟೀಕೆಯ ಮಾತನ್ನು ನಂಬಿ ಅಕ್ಷರವನ್ನು ಅನುಮಾನಿಸಬೇಕು. ಹೆಸರುಗಳೂ ಇದರಿಂದ ತಪ್ಪಿಸಿಕೊಂಡಿಲ್ಲ. 1872ರಲ್ಲಿ ಕಿಟ್ಟೆಲ್ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಶಬ್ದಮಣಿದರ್ಪಣದಲ್ಲಿ ಟೀಕಾಕಾರನ ಹೆಸರು ನಿಷ್ಠೂರಸಂಜಯ್ಯ, ಸಾಹಿತ್ಯ ಚರಿತ್ರೆಗಳಲ್ಲಿ ನಿಷ್ಠೂರ ನಂಜಯ್ಯ. ನ, ಸ ಬರಹದಲ್ಲಿ ಎಷ್ಟು ಹತ್ತಿರವೆಂದು ಓಲೆ ಓದಿದವರಿಗೆ ಹೇಳಬೇಕಾಗಿಲ್ಲ.

ತಪ್ಪೆಂದು ಕಂಡದ್ದೆಲ್ಲ ತಪ್ಪಲ್ಲ ಎಂಬುದನ್ನೂ ನೆನಪಿಡಿ. ಧರ್ಮ್ಮ, ಕರ್ಮ್ಮ ಎಂದು ರೇಫದ (ರಕಾರದ) ನಂತರ ದ್ವಿತ್ವ ಬರೆಯುವುದು ಆಗಿನ ಪದ್ಧತಿ. ಎ ಏ, ಒ ಓ ಭೇದ ಓಲೆಯಲ್ಲಿ ಬಹುಪಾಲು ಇರುವುದೇ ಇಲ್ಲ, ನೀವೇ ಅರ್ಥ ನೋಡಿ ಓದಿಕೊಳ್ಳಬೇಕು. ಟೀಕೆಗಳಿಗೆ ವಿಶೇಷವಾಗಿ ಅಂಟಿದ ತಪ್ಪು ಒಂದಿದೆ: ಕಣ್ಣು ಹಾರುವುದು. ‘ಇತ್ಯರ್ಥಃ’, ‘ಎಂಬುದು ತಾತ್ಪರ್ಯ’ ಸಾಲು ಸಾಲಿಗೂ ಬರುತ್ತವೆ. ನಕಲು ಮಾಡುವವನು ಒಂದು ‘ಇತ್ಯರ್ಥಃ’ ಬರೆದು ಕಣ್ಣೆತ್ತಿ ಮತ್ತೆ ನೋಡುವಾಗ ಅದರ ಮುಂದಿನ ‘ಇತ್ಯರ್ಥಃ’ಕ್ಕೆ ಕಣ್ಣು ಬಿದ್ದರೆ ನಡುವಿನ ವಿವರಣೆ ಇಡಿಯಾಗಿ ಮಾಯ. ವಾಕ್ಯ ಮಾತ್ರ ಸರಿಯಾಗಿಯೇ ಓದಿಸಿಕೊಳ್ಳುತ್ತದೆ, ಆದ್ದರಿಂದ ಗೊತ್ತಾಗುವುದಿಲ್ಲ. ಪತ್ತೆ ಮಾಡಲು ಮೂಲದ ಪದಗಳಿಗೆ ಒಂದೊಂದಾಗಿ ಗುರುತು ಹಾಕುತ್ತ ಹೋಗಿ. ಪದಶಃ ಅರ್ಥ ಹೇಳುವ ಟೀಕೆಯಲ್ಲಿ ಒಟ್ಟಿಗೆ ಮೂರು ನಾಲ್ಕು ಪದಕ್ಕೆ ಅರ್ಥವೇ ಇಲ್ಲದಿದ್ದರೆ ಅಲ್ಲಿ ಕಣ್ಣು ಹಾರಿದೆ. ಇದರ ತಿರುವುಮುರುವೂ ಉಂಟು. ಯಾರೋ ಓದುಗ ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿ ಮುಂದಿನ ನಕಲಿನಲ್ಲಿ ಟೀಕೆಯ ಒಳಗೇ ಸೇರಿಬಿಡುತ್ತದೆ. ಒಂದೇ ಪದಕ್ಕೆ ಎರಡು ಸಲ ಅರ್ಥ, ಅದೂ ಬೇರೆ ಬೇರೆ ಶೈಲಿಯಲ್ಲಿ ಬಂದರೆ ಅನುಮಾನಿಸಿ. ಸಾಲಿನಲ್ಲಿ ಬಿಟ್ಟುಹೋದ ಜಾಗ ತೋರಿಸುವ ಹಂಸಪಾದದ ಗುರುತಿದ್ದರೆ ಅದು ಬಿಟ್ಟುಹೋದದ್ದರ ಸೇರ್ಪಡೆ, ಗುರುತಿಲ್ಲದೆ ಸುಮ್ಮನೆ ಅಂಚಿನಲ್ಲಿದ್ದರೆ ಟಿಪ್ಪಣಿ. ನಕಲಿನಲ್ಲಿ ಎರಡನ್ನೂ ಬೇರೆ ಬೇರೆ ತೋರಿಸಿ.

ಕಾಲ ನಿರ್ಣಯ. ಕೊನೆಯ ಗರಿಯಲ್ಲಿ ಶಕವರ್ಷ, ಸಂವತ್ಸರ ಎರಡೂ ಇದ್ದರೆ ಒಂದರಿಂದ ಇನ್ನೊಂದನ್ನು ಪರೀಕ್ಷಿಸಬಹುದು. ಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿ, ಶೇಷವೇ ಪ್ರಭವದಿಂದ ಎಣಿಸಿದ ಸಂಖ್ಯೆ. ಶಕ 1685 ಎಂದಿದ್ದರೆ 1697, ಶೇಷ 17, ಅಂದರೆ ಸ್ವಭಾನು. ಓಲೆಯಲ್ಲಿ ಚಿತ್ರಭಾನು ಎಂದಿದ್ದರೆ ಪ್ರತಿಕಾರ ಗತವರ್ಷದ (ಕಳೆದ ವರ್ಷಗಳ ಎಣಿಕೆಯ) ಬದಲು ವರ್ತಮಾನವರ್ಷ (ನಡೆಯುತ್ತಿರುವ ವರ್ಷದ ಎಣಿಕೆ) ಹೇಳುತ್ತಿದ್ದಾನೆ, ಒಂದು ವರ್ಷ ಕಳೆಯಬೇಕು. ಕ್ರಿಸ್ತಶಕಕ್ಕೆ 78 ಸೇರಿಸುವುದು ಎಲ್ಲರಿಗೂ ಗೊತ್ತು. ವರ್ಷದ ಕೊನೆಯ ತಿಂಗಳುಗಳಿಗೆ 79 ಎಂಬುದನ್ನು ಮರೆಯುತ್ತಾರೆ. ಜಯಧವಲಾ ಮುಗಿದದ್ದು ಶಕ 759ರ ಫಾಲ್ಗುಣ ಶುದ್ಧ ದಶಮಿ. ಪುಸ್ತಕಗಳಲ್ಲಿ ಸಾಮಾನ್ಯವಾಗಿ 837 ಎಂದಿರುತ್ತದೆ. ಕೃತಿಯ ಕೊನೆಯ ಪ್ರಶಸ್ತಿಪದ್ಯಗಳಲ್ಲಿ ಅದು ಕಳೆದ ವರ್ಷಗಳ ಲೆಕ್ಕವಾದ್ದರಿಂದ 838ರ ಆರಂಭಕ್ಕೆ ಬರಬೇಕು. ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಲಿಪಿಯ ರೂಪ ನೋಡಿ ಅಂದಾಜು ಮಾಡಬೇಕಷ್ಟೆ. ಇನ್ನೊಂದು ಎಚ್ಚರ: ನಕಲಿನ ತಾರೀಖು ಯಾವುದು, ಕೃತಿಯ ತಾರೀಖು ಯಾವುದು ಎಂದು ಬೇರ್ಪಡಿಸಿ. ಮಾತೃಕೆಯ, ಅಂದರೆ ತಾವು ನೋಡಿ ಬರೆದ ಪ್ರತಿಯ, ಕೊನೆಯಲ್ಲಿದ್ದ ತಾರೀಖನ್ನೂ ನಿಷ್ಠೆಯಿಂದ ನಕಲು ಮಾಡಿದ ಪ್ರತಿಕಾರರಿದ್ದಾರೆ.

ತುಂಡು ಟೀಕೆಗೆ ಯಾಕಿಷ್ಟು ಪಾಡು ಎನ್ನುವವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಕಥೆ ನೋಡಬಹುದು. 1891ರಲ್ಲಿ ಶುರುವಾದ ಆ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟದ್ದು ‘ಗ್ರಂಥ’ ಎಂಬ ಲಿಪಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರ, ಅದರ ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ಚೂರು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲ ಪ್ರಕಟಿಸಿದರು. ಅಧ್ಯಕ್ಷಪ್ರಚಾರ ಎಂಬ ಎರಡನೇ ಅಧಿಕರಣದಲ್ಲಿ (ಭಾಗದಲ್ಲಿ) ತೂಕ, ಅಳತೆ, ಲೋಹ, ಉಗ್ರಾಣಗಳ ಪಾರಿಭಾಷಿಕ ಪದಗಳು ಒತ್ತಾಗಿ ಬರುತ್ತವೆ. ಅಲ್ಲಿ ಆ ಎರಡನೇ ಅಧಿಕರಣದ ಚೂರು ಟೀಕೆಯೇ ಕೈಗೆ ಸಿಗುವ ಹಿಡಿ.

ನಕಲು ಮುಗಿದ ಮೇಲೆ ಸೂಚಿಯಲ್ಲಿ ಕೃತಿಯ ಹೆಸರು ತಪ್ಪಿದೆ ಎಂದು ಖಾತ್ರಿಯಾದರೆ ಗ್ರಂಥಾಲಯಕ್ಕೆ ಬರೆದು ತಿಳಿಸಿ. ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಪ್ರತೀಕಗಳ ಪಟ್ಟಿ, ಅಚ್ಚಾದ ಮೂಲದ ಪುಟ, ಇವಿಷ್ಟನ್ನು ಒಂದೇ ಹಾಳೆಯಲ್ಲಿ ಕೊಟ್ಟರೆ ಅಲ್ಲಿನವರು ಕಟ್ಟು ತೆಗೆದು ತಾಳೆ ನೋಡುವುದು ಸುಲಭ.