ನ್ಯೂ ಲ್ಯಾನಾರ್ಕ್: ಮೊದಲು ನದಿ, ಆಮೇಲೆ ಗಿರಣಿ

ಸ್ಕಾಟ್ಲೆಂಡಿಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಎಡಿನ್‌ಬರೋ ಕೋಟೆಯನ್ನು ನೋಡಿ ಉತ್ತರದ ಬೆಟ್ಟಸೀಮೆಯತ್ತ ಹೊರಟುಬಿಡುತ್ತಾರೆ. ಅವರೆಲ್ಲ ಒಂದು ಇಡೀ ದಿನವನ್ನು ನ್ಯೂ ಲ್ಯಾನಾರ್ಕ್ ಎಂಬ ಹಳೆಯ ಗಿರಣಿ ಊರಿಗೆ ಮೀಸಲಿಡಬೇಕೆಂಬುದು ನನ್ನ ಸಲಹೆ. ಗ್ಲ್ಯಾಸ್ಗೋ ಸೆಂಟ್ರಲ್ ನಿಲ್ದಾಣದಿಂದ ಲ್ಯಾನಾರ್ಕ್ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಅಲ್ಲಿಂದ ಈ ಊರು ಎರಡು ಕಿಲೋಮೀಟರಿನಷ್ಟು ದೂರ. ಹೋಗುವಾಗ ಇಳಿಜಾರಿನ ದಾರಿಯಾದ್ದರಿಂದ ನಡೆದೇ ಹೋಗಿ, ಮರಳುವಾಗ ಬಸ್ಸು ಹಿಡಿಯಿರಿ.

ಊರು ತಲುಪಿದ ಕೂಡಲೇ ವಸ್ತುಸಂಗ್ರಹಾಲಯದ ಟಿಕೆಟ್ ಕೊಳ್ಳದೆ, ಮೊದಲು ಕ್ಲೈಡ್ ನದಿಯ ದಂಡೆಯ ಕಾಡುದಾರಿಯಲ್ಲಿ ಮೇಲಕ್ಕೆ ನಡೆಯಿರಿ. ಈ ಊರು ಇಲ್ಲೇ ಏಕೆ ಹುಟ್ಟಿತು ಎಂಬುದನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ತಿಳಿಸುವುದು ಆ ದಾರಿಯೇ. ಕಲ್ಲಿನ ಕಮರಿಯೊಳಗೆ ನದಿ ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಅದರಲ್ಲಿ ಕೋರಾ ಲಿನ್ ಜಲಪಾತವೊಂದೇ ಸುಮಾರು 26 ಮೀಟರ್ ಎತ್ತರವಿದೆ. 1927ರಿಂದ ಇಲ್ಲಿನ ನೀರು ಜಲವಿದ್ಯುತ್ತಿಗೂ ಹೋಗುವುದರಿಂದ, ಒಣ ದಿನಗಳಲ್ಲಿ ಹರಿವು ತೆಳ್ಳಗಿರುತ್ತದೆ. ಒಳ್ಳೆಯ ಮಳೆಯಾದ ಮರುದಿನ ಹೋದರೆ ಚೆನ್ನ, ಆದರೆ ನೆಲ ಜಾರುವುದರಿಂದ ಹಿಡಿತವಿರುವ ಬೂಟುಗಳೇ ಬೇಕು.

ಗ್ಲ್ಯಾಸ್ಗೋದ ವ್ಯಾಪಾರಿ ಡೇವಿಡ್ ಡೇಲ್, ನೂಲುವ ಯಂತ್ರಕ್ಕೆ ಹೆಸರಾದ ರಿಚರ್ಡ್ ಆರ್ಕ್‌ರೈಟ್ ಜೊತೆಗೂಡಿ ಈ ಜಾಗವನ್ನು ಆರಿಸಿದ್ದು ಈ ನೀರಿನ ಬಲಕ್ಕಾಗಿಯೇ. ಬಂಡೆಯೊಳಗೆ ಸುರಂಗ ಕೊರೆದು ನೀರನ್ನು ಚಕ್ರಗಳಿಗೆ ತಂದರು. 1786ರಲ್ಲಿ ಹತ್ತಿ ನೂಲುವ ಕೆಲಸ ಆರಂಭವಾಯಿತು. ಗೋಕಾಕ ಜಲಪಾತದ ಪಕ್ಕದ ಗಿರಣಿಯನ್ನು ಕಂಡ ಕನ್ನಡಿಗರಿಗೆ ಈ ನಂಟು ಬೇಗನೆ ಅರ್ಥವಾಗುತ್ತದೆ. ಆದರೆ ಆ ನೂಲಿನ ಹಿಂದೆ ಅನಾಥಾಲಯಗಳಿಂದ ಕರೆತಂದ ನೂರಾರು ಮಕ್ಕಳ ದುಡಿಮೆಯಿತ್ತು ಎಂಬುದನ್ನು, ಕಟ್ಟಡಗಳ ಚೆಲುವಿನ ನಡುವೆ, ಯಾರೂ ಮರೆಯಬಾರದು.

ಡೇಲ್‌ನ ಅಳಿಯ ರಾಬರ್ಟ್ ಓವನ್ 1800ರಲ್ಲಿ ಆಡಳಿತ ವಹಿಸಿಕೊಂಡ ಮೇಲೆ, ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ. 1816ರಲ್ಲಿ ಪುಟ್ಟ ಮಕ್ಕಳಿಗೂ ಶಾಲೆ ತೆರೆದ. ಊರಿನ ಅಂಗಡಿಯ ಲಾಭವನ್ನು ಆ ಶಾಲೆಗೆ ಬಳಸಿದ. ವಸ್ತುಸಂಗ್ರಹಾಲಯದಲ್ಲಿ ಅವನ 'ಮೌನ ಮೇಲ್ವಿಚಾರಕ'ನನ್ನು ತಪ್ಪದೆ ನೋಡಿ. ಅದು ನಾಲ್ಕು ಮುಖಗಳಿಗೆ ಕಪ್ಪು, ನೀಲಿ, ಹಳದಿ, ಬಿಳಿ ಬಣ್ಣ ಬಳಿದ ಚಿಕ್ಕ ಮರದ ತುಂಡು. ಪ್ರತಿ ಕೆಲಸಗಾರನ ಬಳಿಯೂ ಒಂದನ್ನು ತೂಗುಹಾಕಿ, ಹಿಂದಿನ ದಿನದ ನಡತೆಗೆ ತಕ್ಕ ಬಣ್ಣವನ್ನು ಎದುರಿಗೆ ತಿರುಗಿಸಿಡುತ್ತಿದ್ದರು. ಕಪ್ಪು ಕೆಟ್ಟದ್ದು, ಬಿಳಿ ಅತ್ಯುತ್ತಮ. ಹೊಡೆತ ಬೈಗುಳಗಳಿಗಿಂತ ಇದು ಮೇಲೆಂಬುದು ನಿಜ. ಆದರೂ ದಿನವಿಡೀ ಎಲ್ಲರ ಕಣ್ಣೆದುರು ಕಪ್ಪು ಮುಖ ತೂಗುವಾಗಿನ ಅವಮಾನ ಸಣ್ಣದಲ್ಲವೆಂದು ನನಗನಿಸುತ್ತದೆ.

ಗಿರಣಿ 1968ರಲ್ಲಿ ಮುಚ್ಚಿತು. ಪಾಳು ಬೀಳುತ್ತಿದ್ದ ಊರನ್ನು ದತ್ತಿ ಸಂಸ್ಥೆಯೊಂದು ಹಲವು ದಶಕ ದುಡಿದು ಉಳಿಸಿತು. 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಯಿತು. ಕಾರ್ಮಿಕರ ಸಾಲುಮನೆಗಳಲ್ಲಿ ಇಂದಿಗೂ ಕುಟುಂಬಗಳು ವಾಸವಾಗಿರುವುದರಿಂದ ಕಿಟಕಿಗಳಿಗೆ ಕ್ಯಾಮೆರಾ ಹಿಡಿಯಬೇಡಿ. ಬೀದಿಗಳಲ್ಲಿ ಸುತ್ತಾಡಲು ಶುಲ್ಕವಿಲ್ಲ, ಟಿಕೆಟ್ ಬೇಕಾಗುವುದು ವಸ್ತುಸಂಗ್ರಹಾಲಯಕ್ಕೆ. ರಾತ್ರಿ ತಂಗುವವರಿಗೆ ಒಂದನೆಯ ಗಿರಣಿಯ ಕಟ್ಟಡದಲ್ಲೇ ಹೋಟೆಲ್ ಇದೆ; ಕೋಣೆ ಕಾದಿರಿಸುವಾಗ ನದಿಯ ಕಡೆಯದನ್ನೇ ಕೇಳಿ.